ಹಸುಗೂಸಿನ ಮೆದುಳಿಗೆ ಸಿಗುವ ಆರು ಗಂಟೆ

"ಹುಟ್ಟಿದ ಕೂಡಲೇ ಮಗು ಅಳಲಿಲ್ಲ ಡಾಕ್ಟ್ರೇ." ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅಪ್ಪ ಹೇಳುತ್ತಾನೆ, ಅಜ್ಜಿ ಹೇಳುತ್ತಾರೆ. ತಾಯಿ ಮಾತ್ರ ತಲೆ ತಗ್ಗಿಸಿ ಸುಮ್ನೆ ಕೂತಿರುತ್ತಾಳೆ. ತಾನೇ ಏನೋ ತಪ್ಪು ಮಾಡಿದೆ ಅಂತ ಅವಳ ಮನಸ್ಸಿನಲ್ಲಿ ಕೊರೆಯುತ್ತಿರುತ್ತದೆ. ಆ ಮಾತಿನ ಜೊತೆಗೇ ಇನ್ನೊಂದು ನಂಬಿಕೆಯೂ ಬರುತ್ತದೆ. ಮೆದುಳಿಗೆ ಪೆಟ್ಟು ಬಿದ್ದಾಯಿತು, ಆಗಿದ್ದು ಆಗಿಹೋಯಿತು, ಇನ್ನೇನು ಮಾಡೋಕಾಗುತ್ತೆ?

ಈ ಎರಡನೆಯ ನಂಬಿಕೆಯನ್ನು ನಿಮ್ಮ ಮನಸ್ಸಿನಿಂದ ತೆಗೆಯಬೇಕು ಅಂತಲೇ ನಾನು ಇವತ್ತು ಬಂದಿದ್ದೇನೆ. ಹಸುಗೂಸಿನ ಮೆದುಳಿಗೆ ಆಗುವ ಹಾನಿ ಒಂದೇ ಕ್ಷಣದಲ್ಲಿ ಮುಗಿಯುವುದಿಲ್ಲ. ಅದು ಗಂಟೆಗಟ್ಟಲೆ ನಡೆಯುತ್ತದೆ, ಕೆಲವು ಸಲ ದಿನಗಟ್ಟಲೆ. ಇನ್ನೂ ನಡೆಯುತ್ತಿದೆ ಅಂದರೆ, ನಡುವೆ ಕೈ ಹಾಕಿ ತಡೆಯೋಕೆ ಜಾಗ ಇದೆ ಅಂತ ಅಲ್ವಾ?

ಇದು ಗೊತ್ತಾದದ್ದು ಹೇಗೆ ಅಂತ ಮೊದಲು ಹೇಳುತ್ತೇನೆ. 1980ರ ದಶಕದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓಸ್ಮಂಡ್ ರೆನಾಲ್ಡ್ಸ್ ಎಂಬ ಮಕ್ಕಳ ವೈದ್ಯರಿದ್ದರು. ಉಸಿರು ಕಟ್ಟಿ ಹುಟ್ಟಿದ ಮಕ್ಕಳನ್ನು ಅವರ ತಂಡ ದೊಡ್ಡ ಅಯಸ್ಕಾಂತದ ಯಂತ್ರದೊಳಗೆ ಮಲಗಿಸಿತು. ಒಂದು ಸೂಜಿಯನ್ನೂ ಚುಚ್ಚದೆ, ಮೆದುಳಿನ ಜೀವಕೋಶಗಳಲ್ಲಿ ಎಷ್ಟು ಶಕ್ತಿ ಇದೆ ಅಂತ ಅಳೆಯಿತು. ಅವರಿಗೆ ಕಂಡದ್ದು ಯಾರೂ ಎಣಿಸದ ಸಂಗತಿ. ಮೊದಲ ದಿನ ಎಷ್ಟೋ ಮಕ್ಕಳಲ್ಲಿ ಲೆಕ್ಕ ಸರಿಯಾಗಿಯೇ ಇತ್ತು. ಮುಂದಿನ ದಿನಗಳಲ್ಲಿ ಅದೇ ಮಕ್ಕಳಲ್ಲಿ ಶಕ್ತಿ ಕುಸಿಯತೊಡಗಿತು. ಆಕ್ಸಿಜನ್ ಸರಿ ಇತ್ತು, ಹೃದಯ ಬಡಿಯುತ್ತಿತ್ತು, ಆದರೂ ಕುಸಿಯಿತು.

ಒಳಗೆ ಏನಾಗುತ್ತದೆ ಅಂದರೆ, ಮೆದುಳು ಶಕ್ತಿಯನ್ನು ಕೂಡಿಟ್ಟುಕೊಳ್ಳುವ ಅಂಗವಲ್ಲ. ರಕ್ತ ತಂದುಕೊಟ್ಟದ್ದನ್ನು ಆಗಿಂದಾಗ ಖರ್ಚು ಮಾಡುತ್ತದೆ. ರಕ್ತ, ಆಕ್ಸಿಜನ್ ನಿಂತರೆ ನರಕೋಶದ ಬಾಗಿಲು ಕಾಯುವ ಪಂಪುಗಳು ನಿಲ್ಲುತ್ತವೆ. ಉಪ್ಪು ನೀರು ಒಳಗೆ ನುಗ್ಗಿ ಕೋಶ ಊದಿಕೊಳ್ಳುತ್ತದೆ. ಗ್ಲುಟಮೇಟ್ ಎಂಬ ರಾಸಾಯನಿಕ ಹೊರಗೆ ಚೆಲ್ಲಿ ಪಕ್ಕದ ಕೋಶಗಳನ್ನೂ ಕೆರಳಿಸುತ್ತದೆ. ಇದು ಮೊದಲ ಪೆಟ್ಟು. ಮಗುವಿಗೆ ಉಸಿರು ಕೊಟ್ಟು ಎಬ್ಬಿಸಿದ ಮೇಲೆ ಎಲ್ಲ ಶಾಂತವಾಗುತ್ತದೆ, ಕೋಶಗಳು ಚೇತರಿಸಿಕೊಳ್ಳುತ್ತವೆ. ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಹಾಗೆ. ಸುಮಾರು ಆರು ಗಂಟೆ ಈ ಶಾಂತಿ ಇರುತ್ತದೆ. ಆಮೇಲೆ ಕೆಂಡ ಹೊತ್ತಿಕೊಳ್ಳುತ್ತದೆ. ಕೋಶದೊಳಗಿನ ಶಕ್ತಿಯ ಒಲೆ ಕೆಡುತ್ತದೆ, ಉರಿಯೂತ ಶುರುವಾಗುತ್ತದೆ, ಕೋಶಗಳು ತಾವಾಗಿಯೇ ಸಾಯತೊಡಗುತ್ತವೆ. ಫಿಟ್ಸ್ ಬರುವುದೂ ಸಾಮಾನ್ಯವಾಗಿ ಈ ಹೊತ್ತಿನಲ್ಲೇ.

ನಡುವಿನ ಆ ಆರು ಗಂಟೆ ನಮ್ಮ ಕೈಗೆ ಸಿಗುವ ಸಮಯ.

ಅದಕ್ಕೂ ಮೊದಲು ಒಂದು ನಿಮಿಷ ಇದೆ. ದಿನ ತುಂಬಿ ಹುಟ್ಟುವ 100 ಮಕ್ಕಳಲ್ಲಿ ಸುಮಾರು 85 ತಾವಾಗಿಯೇ ಉಸಿರಾಡುತ್ತವೆ. ಇನ್ನು ಹತ್ತಕ್ಕೆ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಬೆನ್ನು ಉಜ್ಜಿದರೆ ಸಾಕು. ಸುಮಾರು ಐದಕ್ಕೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತಿ ಉಸಿರು ಕೊಡಬೇಕು, ಅದೂ ಒಂದು ನಿಮಿಷದೊಳಗೆ ಶುರುವಾಗಬೇಕು. ಹಸುಗೂಸಿನ ಹೃದಯ ನಿಧಾನವಾಗುವುದು ಹೆಚ್ಚಾಗಿ ಉಸಿರಿಲ್ಲದೆ. ಶ್ವಾಸಕೋಶಕ್ಕೆ ಗಾಳಿ ಹೋದರೆ ಹೃದಯ ಬಡಿತ ತಾನಾಗಿಯೇ ಏರುತ್ತದೆ. ಕಾಲು ಹಿಡಿದು ತಲೆಕೆಳಗೆ ಮಾಡಿ ಹೊಡೆಯುವುದು, ತಣ್ಣೀರು ಚಿಮುಕಿಸುವುದು, ಇದರಲ್ಲೆಲ್ಲ ಕಳೆಯುವ ಪ್ರತಿ ಸೆಕೆಂಡೂ ಮೆದುಳಿನ ಲೆಕ್ಕದಿಂದ ಹೋಗುತ್ತದೆ. ದಿನ ತುಂಬಿದ ಮಗುವಿಗೆ ನಾವು ಶುರು ಮಾಡುವುದು ಮಾಮೂಲಿ ಗಾಳಿಯಿಂದ. ಹಿಂದೆ ನೂರಕ್ಕೆ ನೂರು ಆಕ್ಸಿಜನ್ ಕೊಡುತ್ತಿದ್ದರು. ಆಕ್ಸಿಜನ್ ಜಾಸ್ತಿಯಾದರೂ ಕೋಶಗಳಿಗೆ ಹಾನಿಯೇ ಅಂತ ಆಮೇಲೆ ತಿಳಿಯಿತು.

ಇಲ್ಲಿ ವರ್ಜೀನಿಯಾ ಅಪ್‌ಗಾರ್ ಅವರನ್ನು ನೆನೆಯದೆ ಮುಂದೆ ಹೋಗೋಕೆ ನನಗೆ ಮನಸ್ಸಿಲ್ಲ. ಅವರು ಅಮೆರಿಕದ ಅರಿವಳಿಕೆ ವೈದ್ಯೆ. ಆ ಕಾಲದ ಹೆರಿಗೆ ಕೋಣೆಯಲ್ಲಿ ಎಲ್ಲರ ಕಣ್ಣೂ ತಾಯಿಯ ಮೇಲಿರುತ್ತಿತ್ತು. ಹುಟ್ಟಿದ ಮಗು ಹೇಗಿದೆ ಅಂತ ಕ್ರಮವಾಗಿ ನೋಡುವ ಪದ್ಧತಿ ಇರಲಿಲ್ಲ. 1952ರಲ್ಲಿ ಅವರು ಐದು ವಿಷಯ ನೋಡಿ ಅಂಕ ಕೊಡುವ ಕ್ರಮ ತಂದರು: ಹೃದಯ ಬಡಿತ, ಉಸಿರು, ಕೈಕಾಲಿನ ಬಿಗಿ, ಮುಟ್ಟಿದರೆ ಪ್ರತಿಕ್ರಿಯೆ, ಮೈಬಣ್ಣ. ಅಂಕ ಕೊಡಬೇಕಾದರೆ ಮಗುವನ್ನು ನೋಡಲೇಬೇಕು. ಅಷ್ಟರಿಂದಲೇ ಎಷ್ಟೋ ಮಕ್ಕಳು ಉಳಿದವು. ಒಂದು ಮಾತು ಸೇರಿಸುತ್ತೇನೆ. ಮೊದಲ ನಿಮಿಷದಲ್ಲಿ ಅಂಕ ಕಡಿಮೆ ಬಂತು ಅಂತ ಮಗುವಿನ ಭವಿಷ್ಯ ನಿರ್ಧಾರವಾಗುವುದಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿರುವ ಆ ಅಂಕೆಯನ್ನು ವರ್ಷಗಟ್ಟಲೆ ನೋಡಿ ಅಳುವ ತಾಯಂದಿರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ಆರು ಗಂಟೆಯ ವಿಷಯಕ್ಕೆ ಬರೋಣ. ಆ ಹೊತ್ತಿನಲ್ಲಿ ನಾವು ಮಾಡುವ ದೊಡ್ಡ ಕೆಲಸ ಮಗುವನ್ನು ತಂಪು ಮಾಡುವುದು. ಕೇಳಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಕೂಸನ್ನು ಬೆಚ್ಚಗಿಡಿ ಅಂತ ಎಲ್ಲರಿಗೂ ಹೇಳುವವರು ನಾವೇ. ಈ ಗೊಂದಲ ವೈದ್ಯರಿಗೂ ಇತ್ತು. 1950ರ ದಶಕದಲ್ಲೇ ಸ್ವೀಡನ್ನಿನ ವೆಸ್ಟಿನ್ ಮತ್ತು ಅಮೆರಿಕದ ಮಿಲ್ಲರ್, ಉಸಿರಾಡದ ಮಕ್ಕಳನ್ನು ತಣ್ಣೀರಿನಲ್ಲಿ ಇಳಿಸಿ ನೋಡಿದ್ದರು. ಅದೇ ದಶಕದ ಕೊನೆಗೆ, 1958ರಲ್ಲಿ, ವಿಲಿಯಂ ಸಿಲ್ವರ್‌ಮನ್ ಅವರ ಅಧ್ಯಯನ ಬಂತು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಟ್ಟರೆ ಜಾಸ್ತಿ ಬದುಕುತ್ತವೆ ಅಂತ ಅದು ತೋರಿಸಿತು. ಅದೂ ಸತ್ಯವೇ. ಹಾಗಾಗಿ ತಂಪಿನ ಯೋಚನೆ ಮೂಲೆಗೆ ಬಿತ್ತು.

ಅದನ್ನು ಮತ್ತೆ ಎತ್ತಿಕೊಂಡವರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನ ಅಲಿಸ್ಟೇರ್ ಗನ್ ಅವರ ತಂಡ ಮುಖ್ಯ. 1990ರ ದಶಕದ ಕೊನೆಗೆ ಅವರು ಕುರಿಯ ಹೊಟ್ಟೆಯಲ್ಲಿದ್ದ ಮರಿಗಳ ಮೇಲೆ ಪ್ರಯೋಗ ಮಾಡಿದರು. ಮೆದುಳಿಗೆ ರಕ್ತ ಕಡಿಮೆಯಾಗಿ ಒಂದೂವರೆ ಗಂಟೆಗೆ ತಂಪು ಶುರು ಮಾಡಿದರೆ ತುಂಬಾ ಲಾಭ. ಐದೂವರೆ ಗಂಟೆಗೆ ಶುರು ಮಾಡಿದರೆ ಸ್ವಲ್ಪ ಲಾಭ. ಎಂಟೂವರೆ ಗಂಟೆಗೆ, ಅಂದರೆ ಫಿಟ್ಸ್ ಶುರುವಾದ ಮೇಲೆ, ಲಾಭವಿಲ್ಲ. ಆರು ಗಂಟೆ ಅನ್ನುವ ಗಡಿಯ ಹಿಂದೆ ಈ ಕೆಲಸವಿದೆ. ಆಮೇಲೆ ಮಕ್ಕಳಲ್ಲಿ ದೊಡ್ಡ ಅಧ್ಯಯನಗಳು ನಡೆದವು. 2005ರಲ್ಲಿ ಎರಡರ ಫಲಿತಾಂಶ ಬಂತು, 2009ರಲ್ಲಿ ಬ್ರಿಟನ್ನಿನವರು ಮುಂದೆ ನಿಂತು ನಡೆಸಿದ ಟೋಬಿ ಅಧ್ಯಯನದ್ದು. ಎಲ್ಲವನ್ನೂ ಕೂಡಿಸಿ ನೋಡಿದರೆ, ಸುಮಾರು ಏಳು ಮಕ್ಕಳನ್ನು ತಂಪು ಮಾಡಿದಾಗ ಒಂದು ಮಗು ಸಾವಿನಿಂದಲೋ ದೊಡ್ಡ ವೈಕಲ್ಯದಿಂದಲೋ ಪಾರಾಗುತ್ತದೆ. ಏಳಕ್ಕೆ ಒಂದು ಅಂದರೆ ಕಡಿಮೆ ಅಂತ ಅನ್ನಿಸಬಹುದು. ವೈದ್ಯಶಾಸ್ತ್ರದಲ್ಲಿ ಇಷ್ಟು ಒಳ್ಳೆಯ ಲೆಕ್ಕ ಸಿಗುವುದು ಅಪರೂಪ.

ತಂಪು ಮಾಡುವುದು ಅಂದರೆ ಐಸ್ ಹಾಕುವುದಲ್ಲ. ತಣ್ಣೀರು ಹರಿಯುವ ಹಾಸಿಗೆಯ ಮೇಲೆ ಮಗುವನ್ನು ಮಲಗಿಸುತ್ತೇವೆ. ಗುದದ್ವಾರದಲ್ಲಿ ತೆಳ್ಳಗಿನ ತಂತಿ ಇಟ್ಟು ಉಷ್ಣತೆಯನ್ನು ಸತತವಾಗಿ ನೋಡುತ್ತೇವೆ. ಗುರಿ 33.5 ಡಿಗ್ರಿ ಸೆಲ್ಸಿಯಸ್, 72 ಗಂಟೆ. ಹೃದಯ ಬಡಿತ ನಿಧಾನವಾಗುತ್ತದೆ, ಅದು ತಂಪಿನಿಂದ ಆಗುವುದೇ. ಮಗು ನಡುಗಿ ಸಂಕಟಪಡದಂತೆ ನೋವಿನ ಔಷಧ ಕೊಡುತ್ತೇವೆ. ಕೊನೆಗೆ ಗಂಟೆಗೆ ಅರ್ಧ ಡಿಗ್ರಿಯಂತೆ ಮೆಲ್ಲಗೆ ಬೆಚ್ಚಗೆ ಮಾಡುತ್ತೇವೆ. ಬೇಗ ಬೆಚ್ಚಗೆ ಮಾಡಿದರೆ ಫಿಟ್ಸ್ ಮತ್ತೆ ಬರಬಹುದು, ರಕ್ತದೊತ್ತಡ ಕುಸಿಯಬಹುದು. ಈ ಮೂರು ದಿನ ತಾಯಿ ತಂದೆ ಮಗುವನ್ನು ಮುಟ್ಟಬಹುದು, ಮಾತಾಡಿಸಬಹುದು. ಮೈ ಮುಟ್ಟಿದರೆ ತಣ್ಣಗಿರುತ್ತದೆ. ಅದನ್ನು ಮೊದಲೇ ಹೇಳಿಬಿಡಬೇಕು. ಹೇಳದೆ ಇದ್ದಾಗ ಒಬ್ಬ ತಾಯಿ ಮಗುವಿನ ಪಾದ ಮುಟ್ಟಿ, ಮಗು ಹೋಗಿಬಿಟ್ಟಿದೆ ಅಂದುಕೊಂಡು ಕುಸಿದು ಕೂತಳು. ಅವತ್ತಿನಿಂದ ನಾನು ಮರೆಯದೆ ಮೊದಲೇ ಹೇಳುತ್ತೇನೆ.

ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ. ಎಲ್ಲ ಮಕ್ಕಳಿಗೂ ಅಲ್ಲ. 36 ವಾರ ತುಂಬಿದ, ಉಸಿರು ಕಟ್ಟಿದ್ದಕ್ಕೆ ರಕ್ತದಲ್ಲಿ ಗುರುತು ಇರುವ, ಮೆದುಳು ಮಂಕಾಗಿದೆ ಅಂತ ಪರೀಕ್ಷೆಯಲ್ಲಿ ಕಾಣುವ ಮಗುವಿಗೆ ಮಾತ್ರ. ಕೆಲವು ಮಕ್ಕಳು ಮೊದಲ ಗಂಟೆ ಚೆನ್ನಾಗಿರುವಂತೆ ಕಂಡು, ಮೂರನೇ ಗಂಟೆಗೆ ಮಂಕಾಗುತ್ತವೆ. ಒಂದು ಸಲ ನೋಡಿ, "ಪರವಾಗಿಲ್ಲ" ಅಂತ ಬಿಟ್ಟುಬಿಡಬಾರದು. ಗಂಟೆಗಂಟೆಗೂ ನೋಡಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಇನ್ನೊಂದು ಸತ್ಯವನ್ನೂ ಹೇಳಲೇಬೇಕು. 2021ರಲ್ಲಿ ಹೀಲಿಕ್ಸ್ ಎಂಬ ಅಧ್ಯಯನದ ಫಲಿತಾಂಶ ಬಂತು. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ ದೊಡ್ಡ ಆಸ್ಪತ್ರೆಗಳಲ್ಲಿ 408 ಮಕ್ಕಳ ಮೇಲೆ ನಡೆದದ್ದು. ಅಲ್ಲಿ ತಂಪಿನಿಂದ ಲಾಭ ಕಾಣಲಿಲ್ಲ. ತಂಪು ಮಾಡಿದ ಗುಂಪಿನಲ್ಲೇ ಸಾವು ಜಾಸ್ತಿಯಾಯಿತು. ಓದಿದಾಗ ನನಗೆ ನಿದ್ದೆ ಬರಲಿಲ್ಲ. ಕಾರಣದ ಬಗ್ಗೆ ಚರ್ಚೆ ಇನ್ನೂ ನಡೆದಿದೆ. ನನ್ನ ಮನಸ್ಸಿಗೆ ಹತ್ತಿರವಾದ ವಿವರಣೆ ಒಂದಿದೆ. ಮಗು ಹುಟ್ಟಿದ ಹೊತ್ತಿನಿಂದ ನಾವು ಆರು ಗಂಟೆ ಎಣಿಸುತ್ತೇವೆ. ಆದರೆ ಪೆಟ್ಟು ಹೊಟ್ಟೆಯೊಳಗೇ, ಹೆರಿಗೆಗೆ ಎಷ್ಟೋ ಮೊದಲು ಶುರುವಾಗಿದ್ದರೆ? ನಾವು ಗಡಿಯಾರ ನೋಡುವ ಹೊತ್ತಿಗೆ ಆ ಆರು ಗಂಟೆ ಕಳೆದೇ ಹೋಗಿರುತ್ತದೆ. ಅದಕ್ಕೇ ಹೆರಿಗೆ ನೋವಿನ ಹೊತ್ತಿನಲ್ಲಿ ಮಗುವಿನ ಹೃದಯ ಬಡಿತವನ್ನು ಬಿಡದೆ ಕೇಳುವುದು ಇಷ್ಟು ಮುಖ್ಯ. ಬೇಗ ಹೆರಿಗೆಯಾಗಲಿ ಅಂತ ಲಂಗುಲಗಾಮಿಲ್ಲದೆ ನೋವು ಬರಿಸುವ ಡ್ರಿಪ್ ಏರಿಸಿದರೆ, ಒಂದು ನೋವಿಗೂ ಇನ್ನೊಂದು ನೋವಿಗೂ ನಡುವೆ ಮಗುವಿಗೆ ಚೇತರಿಸಿಕೊಳ್ಳಲು ಬಿಡುವೇ ಇರುವುದಿಲ್ಲ.

ಹಾಗಾದರೆ ಇನ್ನೂ ಜಾಸ್ತಿ ತಂಪು ಮಾಡಿದರೆ? ಇನ್ನೂ ಜಾಸ್ತಿ ಹೊತ್ತು? ಅದನ್ನೂ ನೋಡಿದ್ದಾರೆ. 32 ಡಿಗ್ರಿಗೆ ಇಳಿಸಿ, 120 ಗಂಟೆ ಇಟ್ಟು ಪರೀಕ್ಷಿಸಿದ ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು, ಹೆಚ್ಚಿನ ಲಾಭ ಇರಲಿಲ್ಲ. ತಂಪಿನ ಜೊತೆ, ಕೆಂಪು ರಕ್ತಕಣ ಹೆಚ್ಚಿಸುವ ಎರಿಥ್ರೋಪೊಯಿಟಿನ್ ಎಂಬ ಔಷಧವನ್ನೂ ಕೊಟ್ಟು ನೋಡಿದರು. 2022ರ ಫಲಿತಾಂಶದಲ್ಲಿ ಅದೂ ಕೈ ಹಿಡಿಯಲಿಲ್ಲ. ಈ ಮೆದುಳು ಜಾಸ್ತಿಯನ್ನು ಕೇಳುವುದಿಲ್ಲ. ಸಮನಾಗಿರುವುದನ್ನು ಕೇಳುತ್ತದೆ.

ಈ ಮಾತು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಇನ್ನೂ ನಿಜ. 24 ವಾರದ ಮಗುವಿನ ಮೆದುಳಿನ ಮೇಲ್ಮೈ ಬಹುಪಾಲು ನುಣುಪಾಗಿರುತ್ತದೆ. ನಾವು ಚಿತ್ರಗಳಲ್ಲಿ ನೋಡುವ ಮಡಿಕೆಗಳೆಲ್ಲ ಆಮೇಲಿನ ವಾರಗಳಲ್ಲಿ ಮೂಡುತ್ತವೆ. 35 ವಾರಕ್ಕೆ ಹುಟ್ಟಿದ ಮಗು ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಅದರ ಮೆದುಳಿನ ತೂಕ ದಿನ ತುಂಬಿದ ಮಗುವಿನದರ ಮೂರನೇ ಎರಡು ಭಾಗ ಮಾತ್ರ. ಹೊಟ್ಟೆಯೊಳಗೆ, ಕತ್ತಲಲ್ಲಿ, ನೀರಿನಲ್ಲಿ ಆಗಬೇಕಾದ ಬೆಳವಣಿಗೆ ಈಗ ಬೆಳಕಿನ ಕೆಳಗೆ, ಯಂತ್ರಗಳ ಸದ್ದಿನ ನಡುವೆ ಆಗಬೇಕು.

ಈ ಮಕ್ಕಳ ಮೆದುಳಿನ ನಡುವೆ ನೀರು ತುಂಬಿದ ಕೋಣೆಗಳಿವೆ. ಅವುಗಳ ಗೋಡೆಗೆ ಅಂಟಿಕೊಂಡ ಒಂದು ಜಾಗದಲ್ಲಿ ಹೊಸ ಕೋಶಗಳು ಹುಟ್ಟಿ ಹೊರಕ್ಕೆ ಸಾಗುತ್ತವೆ. ಅಲ್ಲಿನ ರಕ್ತನಾಳಗಳು ತೀರಾ ತೆಳು. ರಕ್ತದೊತ್ತಡ ಏರಿದರೆ ಒಡೆಯುತ್ತವೆ, ಇಳಿದರೆ ಸುತ್ತಲಿನ ಬಿಳಿ ಭಾಗಕ್ಕೆ ರಕ್ತ ಸಾಲುವುದಿಲ್ಲ. ರಕ್ತಸ್ರಾವಗಳಲ್ಲಿ ಬಹುಪಾಲು ಮೊದಲ ಮೂರು ದಿನಗಳಲ್ಲೇ ಆಗುತ್ತವೆ. ಆದ್ದರಿಂದ ಆ ಮೂರು ದಿನ ನಾವು ಮಾಡುವುದಕ್ಕಿಂತ ಮಾಡದೆ ಬಿಡುವುದು ಜಾಸ್ತಿ. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸದೆ ನೇರವಾಗಿ ಇಡುತ್ತೇವೆ, ಕತ್ತಿನ ರಕ್ತನಾಳ ಒತ್ತಿಹೋಗದ ಹಾಗೆ. ಡೈಪರ್ ಬದಲಿಸುವಾಗ ಕಾಲನ್ನು ತಲೆಗಿಂತ ಮೇಲೆ ಎತ್ತುವುದಿಲ್ಲ. ಸಿರಿಂಜಿನ ಔಷಧವನ್ನು ಒಂದೇ ಸಲ ತಳ್ಳುವುದಿಲ್ಲ. ನರ್ಸ್ ಒಬ್ಬರು ಐದು ನಿಮಿಷದಲ್ಲಿ ಮುಗಿಸಬಹುದಾದ ಕೆಲಸಕ್ಕೆ ಇಪ್ಪತ್ತು ನಿಮಿಷ ತೆಗೆದುಕೊಂಡರೆ, ಅವರು ಸೋಮಾರಿತನ ಮಾಡುತ್ತಿಲ್ಲ. ಆ ಮಗುವಿನ ಮೆದುಳನ್ನು ಕಾಯುತ್ತಿದ್ದಾರೆ. ನನಗೆ ಈ ಕೆಲಸ ನಿಜವಾಗಿ ಕಲಿಸಿದವರು ಹಿರಿಯ ನರ್ಸುಗಳು.

ಹುಟ್ಟುವ ಮೊದಲೇ ಮಾಡಬಹುದಾದದ್ದೂ ಇದೆ. ಆಕ್ಲೆಂಡಿನಲ್ಲಿ ಗ್ರಹಾಂ ಲಿಗಿನ್ಸ್ ಕುರಿಗಳ ಮೇಲೆ ಕೆಲಸ ಮಾಡುತ್ತಿದ್ದಾಗ, ಸ್ಟೀರಾಯ್ಡ್ ಕೊಟ್ಟ ಮೇಲೆ ತೀರಾ ಮುಂಚೆ ಹುಟ್ಟಿದ ಮರಿಯೊಂದು ಉಸಿರಾಡುತ್ತಿದ್ದುದನ್ನು ಕಂಡರು. ಅದು ಬದುಕಿರಬಾರದಿತ್ತು. 1972ರಲ್ಲಿ ಅವರು, ರಾಸ್ ಹೋವಿ ಸೇರಿ ತಾಯಂದಿರ ಮೇಲಿನ ಅಧ್ಯಯನ ಪ್ರಕಟಿಸಿದರು. ಬೇಗ ಹೆರಿಗೆಯಾಗುವ ಸೂಚನೆ ಇರುವ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಮಗುವಿನ ಶ್ವಾಸಕೋಶ ಗಟ್ಟಿಯಾಗುತ್ತದೆ, ಮೆದುಳಿನ ರಕ್ತಸ್ರಾವವೂ ಕಡಿಮೆಯಾಗುತ್ತದೆ. ತೀರಾ ಮುಂಚೆ ಹೆರುವ ತಾಯಿಗೆ ಮೆಗ್ನೀಸಿಯಂ ಸಲ್ಫೇಟ್ ಎಂಬ ಔಷಧ ಕೊಟ್ಟರೆ ಮಗುವಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಹಾನಿಯಿಂದ ಕೈಕಾಲಿನ ಹಿಡಿತ ಕೆಡುವ ತೊಂದರೆ, ಬರುವ ಅಪಾಯ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಮಗು ಹುಟ್ಟಿದ ಮೇಲೆ ಹೊಕ್ಕುಳಬಳ್ಳಿ ಕತ್ತರಿಸಲು ಒಂದು ನಿಮಿಷ ಕಾದರೆ, ಮಾಸಿನಲ್ಲಿದ್ದ ರಕ್ತ ಮಗುವಿಗೆ ಬರುತ್ತದೆ, ರಕ್ತದೊತ್ತಡ ತೂಗಾಡುವುದಿಲ್ಲ. ಇವು ಯಾವುವೂ ದೊಡ್ಡ ಯಂತ್ರಗಳಲ್ಲ ನೋಡಿ. ಸರಿಯಾದ ಹೊತ್ತಿಗೆ, ಸರಿಯಾದ ಕಡೆ ತಾಯಿ ಇರಬೇಕು ಅಷ್ಟೆ.

ನೋವಿನ ಬಗ್ಗೆ ಒಂದು ಮಾತು. ಹಸುಗೂಸಿಗೆ ನೋವು ಗೊತ್ತಾಗುವುದಿಲ್ಲ ಅಂತ ವೈದ್ಯರೇ ನಂಬಿದ್ದ ಕಾಲವಿತ್ತು. 1980ರ ದಶಕದವರೆಗೂ ಎಷ್ಟೋ ಕೂಸುಗಳಿಗೆ ಸರಿಯಾದ ಅರಿವಳಿಕೆ ಇಲ್ಲದೆ ಆಪರೇಷನ್ ಆಗುತ್ತಿತ್ತು. 1987ರಲ್ಲಿ ಕನ್ವಲ್‌ಜೀತ್ ಆನಂದ್ ಮತ್ತು ಅವರ ಜೊತೆಗಾರರು, ನೋವಿನ ಔಷಧ ಸರಿಯಾಗಿ ಕೊಟ್ಟ ಮಕ್ಕಳ ದೇಹಕ್ಕೆ ಆಗುವ ಒತ್ತಡ ಎಷ್ಟೋ ಕಡಿಮೆ, ತೊಡಕುಗಳೂ ಕಡಿಮೆ ಅಂತ ತೋರಿಸಿದರು. ಅದಕ್ಕೇ ರಕ್ತ ಪರೀಕ್ಷೆಗೆ ಹಿಮ್ಮಡಿ ಚುಚ್ಚುವಾಗ ಮಗುವನ್ನು ತಾಯಿಯ ಎದೆಗೆ ಹಚ್ಚಿ, ಹಾಲು ಕುಡಿಸುತ್ತಲೇ ಚುಚ್ಚಿ ಅಂತ ನಾವು ಹೇಳುವುದು.

ತಾಯಿಯ ಎದೆ ಅಂದಾಗ ಕಾಂಗರೂ ಆರೈಕೆ ನೆನಪಾಗುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಅವರು ಇನ್‌ಕ್ಯುಬೇಟರ್ ಸಾಲದೆ ಇದನ್ನು ಶುರು ಮಾಡಿದರು: ಬರಿಮೈ ಮಗುವನ್ನು ತಾಯಿಯ ಬರಿ ಎದೆಯ ಮೇಲೆ ಕಟ್ಟಿಡುವುದು. 2021ರಲ್ಲಿ ಐದು ದೇಶಗಳ ಅಧ್ಯಯನ ಬಂತು. ಮಗು ಸ್ಥಿರವಾಗಲಿ ಅಂತ ಕಾಯದೆ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಕೊಟ್ಟಾಗ ಸಣ್ಣ ಮಕ್ಕಳ ಸಾವು ಸುಮಾರು ನಾಲ್ಕನೇ ಒಂದು ಭಾಗ ಇಳಿಯಿತು. ಉಷ್ಣತೆ, ಉಸಿರು, ಹೃದಯ ಬಡಿತ, ಎಲ್ಲ ಅಲ್ಲಿ ಸಮನಾಗುತ್ತವೆ. ಅಪ್ಪನ ಎದೆಯೂ ಆಗುತ್ತದೆ.

ರಕ್ತದಲ್ಲಿ ಸಕ್ಕರೆಯ ಅಂಶ ಇಳಿಯುವುದು ಮೆದುಳಿಗೆ ಸದ್ದಿಲ್ಲದ ಅಪಾಯ. ಸಕ್ಕರೆ ಕಾಯಿಲೆ ಇರುವ ತಾಯಿಯ ಮಗು, ತೀರಾ ಸಣ್ಣ ಮಗು, ತೀರಾ ದೊಡ್ಡ ಮಗು, ಬೇಗ ಹುಟ್ಟಿದ ಮಗು, ಇವುಗಳ ರಕ್ತ ಪರೀಕ್ಷೆ ತಪ್ಪಿಸಬಾರದು. ಮೊದಲ ಗಂಟೆಯಲ್ಲಿ ಎದೆಹಾಲು ಕೊಡಬೇಕು. "ಮಗು ಚೆನ್ನಾಗಿ ಮಲಗಿದೆ, ಎಬ್ಬಿಸಬೇಡಿ" ಅನ್ನುವುದು ಈ ಮಕ್ಕಳ ವಿಷಯದಲ್ಲಿ ತಪ್ಪು.

ಹಳದಿಯ, ಅಂದರೆ ಕಾಮಾಲೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಮೆದುಳಿನ ಹಾನಿಯನ್ನು ಪೂರ್ತಿ ತಡೆಯಬಹುದು. ಬಹಳಷ್ಟು ಮಕ್ಕಳಿಗೆ ಹಳದಿ ಬಂದು ತಾನಾಗಿ ಹೋಗುತ್ತದೆ. ಈ ಹಳದಿ ಬಣ್ಣ ತರುವ ಬಿಲಿರುಬಿನ್ ಎಂಬ ವಸ್ತು ರಕ್ತದಲ್ಲಿ ತುಂಬಾ ಏರಿದರೆ ಮಾತ್ರ ಅದು ಮೆದುಳಿನೊಳಗೆ ಹೋಗಿ, ಚಲನೆಯನ್ನು ನೋಡಿಕೊಳ್ಳುವ ಭಾಗವನ್ನೂ ಕಿವಿಯ ನರವನ್ನೂ ಕೆಡಿಸುತ್ತದೆ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬ ನರ್ಸ್ ಮಕ್ಕಳನ್ನು ಅಂಗಳಕ್ಕೆ ಒಯ್ಯುತ್ತಿದ್ದರು. ಒಂದು ದಿನ ಒಂದು ಮಗುವಿನ ಮೈ ಎಲ್ಲ ತಿಳಿಯಾಗಿ, ಬಟ್ಟೆಯ ಮೂಲೆ ಮುಚ್ಚಿದ್ದ ಮುಕ್ಕೋನದಷ್ಟು ಜಾಗ ಮಾತ್ರ ಹಳದಿಯಾಗಿ ಉಳಿದದ್ದು ಅವರ ಕಣ್ಣಿಗೆ ಬಿತ್ತು. ಅಲ್ಲಿಂದ ಫೋಟೊಥೆರಪಿ, ಅಂದರೆ ಬೆಳಕಿನ ಚಿಕಿತ್ಸೆ ಹುಟ್ಟಿತು. ಆದರೆ ಈ ಕಥೆ ಕೇಳಿ ಮಗುವನ್ನು ಬಿಸಿಲಿಗೆ ಹಿಡಿದು ಕಾಯಬೇಡಿ. ಚಿಕಿತ್ಸೆಗೆ ಅಳತೆಯ ನೀಲಿ ಬೆಳಕು ಬೇಕು, ರಕ್ತದ ಲೆಕ್ಕ ಬೇಕು. ಮೊದಲ 24 ಗಂಟೆಯಲ್ಲೇ ಹಳದಿ ಕಂಡರೆ, ಅಂಗಾಲಿನವರೆಗೆ ಇಳಿದರೆ, ಮಗು ಹಾಲು ಬಿಟ್ಟು ಮಂಕಾದರೆ, ಬೆನ್ನು ಬಿಲ್ಲಿನಂತೆ ಬಾಗಿ ಕಿರುಚಿದರೆ, ಆ ಕ್ಷಣವೇ ಹೊರಡಿ.

ಕೊನೆಯದಾಗಿ ಮನೆಗೆ ಹೋದ ಮೇಲಿನ ವಿಷಯ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಬಹುಪಾಲು ಮಕ್ಕಳಿಗೆ ಹೆರಿಗೆಯ ಹೊತ್ತಿನ ಉಸಿರುಗಟ್ಟುವಿಕೆ ಕಾರಣವಲ್ಲ. ತಲೆ ತಗ್ಗಿಸಿ ಕೂತ ಆ ತಾಯಿಗೆ ಯಾರಾದರೂ ಇದನ್ನು ಗಟ್ಟಿಯಾಗಿ ಹೇಳಬೇಕು. ಹಾಗೆಯೇ, ತಂಪು ಮಾಡಿಸಿಕೊಂಡ ಮಗುವನ್ನೂ ಬೇಗ ಹುಟ್ಟಿದ ಮಗುವನ್ನೂ ಚೆಕಪ್‌ಗೆ ತಪ್ಪದೆ ತನ್ನಿ. ಮೂರು ತಿಂಗಳ ಹೊತ್ತಿಗೆ ಮಗು ಕೈಕಾಲು ಆಡಿಸುವ ರೀತಿ ನೋಡಿಯೇ ತರಬೇತಾದವರು ಬಹಳಷ್ಟು ಹೇಳಬಲ್ಲರು. ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿ ಇಟ್ಟುಕೊಂಡರೆ, ಎಡಚ ಇರಬೇಕು, ದೊಡ್ಡವನಾದ ಮೇಲೆ ಸರಿಹೋಗುತ್ತೆ ಅಂತ ಕಾಯಬೇಡಿ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಎಡಚ ಬಲಚ ಅಂತ ಇರುವುದಿಲ್ಲ. ಮುಷ್ಟಿ ಕಟ್ಟಿದ ಆ ಕೈಗೆ ಆಗಲೇ ಆಟದ ಮೂಲಕ ಕೆಲಸ ಕೊಡಲು ಶುರು ಮಾಡಬೇಕು.